ಕರಡಿಗೆ ಕೇಳುವಷ್ಟು ಜೋರಾಗಿ

ಭಟ್ಕಳ

ಬ್ಯಾಂಫಿಗೆ ಜುಲೈನಲ್ಲಿ ಮಾತ್ರ ಹೋಗಬೇಡಿ ಅಂತ ಹೋಗಿ ಬಂದವರೆಲ್ಲ ಹೇಳುತ್ತಾರೆ. ಕೆನಡಾದ ದೊಡ್ಡ ರಾಷ್ಟ್ರೀಯ ಉದ್ಯಾನ ಅದು. ಹಿಮದ ಬೆಟ್ಟ, ನೀಲಿ ಸರೋವರ, ಕರಡಿ, ಎಲ್ಲ ಉಂಟು. ಜುಲೈ ಅಲ್ಲಿ ಬೇಸಿಗೆಯಾದ್ದರಿಂದ ಅರ್ಧ ಪ್ರಪಂಚವೂ ಆವಾಗ ಅಲ್ಲೇ ಇರುತ್ತದೆ. ನಾವು ಹೋಗಿದ್ದು ಜುಲೈನಲ್ಲೇ.

ಬೇರೆ ತಿಂಗಳು ನಮಗೆ ಇರಲಿಲ್ಲ. ನನ್ನ ಅಣ್ಣ ಮಾದೇವ ಹೊನ್ನಾವರ ಬಂದರಿನಲ್ಲಿ ತಾಂಡೇಲ. ಬೋಟು ಅವನದೇ, ಚುಕ್ಕಾಣಿ ಹಿಡಿಯುವವನೂ ಅವನೇ. ಜೂನ್, ಜುಲೈ ಮಳೆಗಾಲದಲ್ಲಿ ಸರ್ಕಾರ ಕಡಲಿಗೆ ಬೋಟು ಇಳಿಸಲು ಬಿಡುವುದಿಲ್ಲ. ಮೀನುಗಾರನಿಗೆ ರಜೆ ಅಂತ ಇದ್ದರೆ ಆ ಎರಡು ತಿಂಗಳು. ಕಡಲು ನಮಗೆ ಬಾಗಿಲು ಹಾಕಿದಾಗಲೇ ಬ್ಯಾಂಫ್ ಎಲ್ಲರಿಗೂ ಬಾಗಿಲು ತೆಗೆಯುತ್ತದೆ, ಎಂತ ಮಾಡುವುದು!

ಅಣ್ಣನ ಮಗಳು ಪಲ್ಲವಿ ಅಲ್ಲಿಯ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾಳೆ. ಮೂರು ವರ್ಷದಿಂದ ಕರೆಯುತ್ತಿದ್ದಳು. ಅತ್ತಿಗೆ ಯಶೋದಾ ವಿಮಾನ ಅಂದರೆ ದೂರದಿಂದಲೇ ಕೈಮುಗಿಯುವವಳು. ಹಾಗಾಗಿ ಅವಳ ಬದಲಿಗೆ ನಾನು ಹೊರಟೆ. ನಾನು ಶಾರದಾ, ಹಳದೀಪುರದ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತಿಯಾಗಿ ಹೊಳನಗದ್ದೆಯ ಮನೆಯಲ್ಲಿ ಕೂತವಳು.

ಹೊರಡುವ ಮೊದಲು ಭಟ್ಕಳದ ಬಜಾರಿಗೆ ಹೋಗಿ ದೊಡ್ಡ ಬ್ಯಾಗು ತಂದೆವು. ದುಬೈಗೆ ಹೋಗುವವರಿಗೆ ಬ್ಯಾಗು ಮಾರಿ ಮಾರಿ ಪಳಗಿದ ಅಂಗಡಿಯ ಸಾಹೇಬರು, “ಅಕ್ಕೋರೇ, ಕೆಂಪು ಹಗ್ಗ ಕಟ್ಟಿ. ಬ್ಯಾಗು ಎಲ್ಲರದೂ ಒಂದೇ ನಮೂನೆ ಇರ್ತದೆ” ಅಂದರು. ಕಟ್ಟಿದೆವು. ಆ ವಿಮಾನದಲ್ಲಿ ಕೆಂಪು ಹಗ್ಗದ ಬ್ಯಾಗುಗಳೇ ಇಪ್ಪತ್ತು ಬಂದವು.

ಭಟ್ಕಳದಿಂದ ವಾಪಸ್ ಬರುವಾಗ ಬಸ್ಸಿನಲ್ಲಿ ಅಣ್ಣ ನಿದ್ದೆ ಹೋದ ಮೇಲೆ ಅತ್ತಿಗೆ ನನ್ನ ಮೊಣಕೈ ತಿವಿದಳು.

“ಆಗಸ್ಟಿಗೆ ಬೋಟು ಇಳಿಸ್ಬೇಕು. ಒಬ್ಬ ಖಲಾಸಿನೂ ಬರೂದಿಲ್ಲ ಅಂತಿದ್ದಾರೆ. ಇವರು ಬಾಯಿ ಬಿಟ್ಟು ಒಂದು ಮಾತು ಹೇಳಿದ್ರೆ ಎಲ್ಲರೂ ಬರ್ತಾರೆ. ನೀನಾದ್ರೂ ಹೇಳ್ಸು ಮಾರಾಯ್ತಿ. ಇಲ್ದಿದ್ರೆ ಬೋಟು ಮಾರೂದೇ.”

ಆ ಒಂದು ಮಾತು ‘ತಪ್ಪು ನಂದು’ ಅನ್ನುವುದು. ಹಿಂದಿನ ವರ್ಷ ಅಣ್ಣನ ಬೋಟು ಅಳಿವೆಯ ಬಾಯಲ್ಲಿ, ಶರಾವತಿ ಕಡಲಿಗೆ ಸೇರುವಲ್ಲಿ, ಮರಳು ದಿಬ್ಬಕ್ಕೆ ಹತ್ತಿ ಮಗುಚಿತು. ಯಾರೂ ಸಾಯಲಿಲ್ಲ. ಆದರೆ ಬೋಟಿನಲ್ಲಿ ದುಡಿಯುವ ಖಲಾಸಿ ಮಂಜನ ಬಲಗಾಲು ಬೋಟಿನ ಅಡಿ ಸಿಕ್ಕಿ ಜಜ್ಜಿಹೋಯಿತು. ಅಣ್ಣ ಆಸ್ಪತ್ರೆಗೆ ಓಡಾಡಿದ, ಎಲ್ಲಾ ನೋಡಿಕೊಂಡ. ತಪ್ಪು ಯಾರದು ಅಂತ ಕೇಳಿದವರಿಗೆ ಮಾತ್ರ “ಒಂದೇ ರಾತ್ರಿಲಿ ಮರಳು ಜಾಗ ಬದಲಾಯಿಸಿತ್ತು” ಅಂದ. ಆಮೇಲೆ ಅದನ್ನೂ ಹೇಳುವುದು ಬಿಟ್ಟ. ಊಟ ಹಾಕಿದರೆ ಉಂಡ, ಕರೆದರೆ ಬಂದ. ಚುಕ್ಕಾಣಿ ಮುಟ್ಟಲಿಲ್ಲ.

ಮೊದಲ ದಿನ: ಎಲ್ಲರಿಗಿಂತ ಮೊದಲು

ಗರ್ದಿ ತಪ್ಪಿಸಲು ಪಲ್ಲವಿ ಎಲ್ಲಾ ಓದಿಕೊಂಡಿದ್ದಳು. ಸೂರ್ಯ ಹುಟ್ಟುವ ಮೊದಲೇ ಸರೋವರದ ದಂಡೆಯಲ್ಲಿ ಇರಬೇಕು, ಆವಾಗ ಯಾರೂ ಇರುವುದಿಲ್ಲ, ಅಂದಳು. ನಾಲ್ಕು ಗಂಟೆಗೆ ಎಬ್ಬಿಸಿದಳು. ಅಣ್ಣನಿಗೆ ಅದು ಕಷ್ಟವಲ್ಲ, ಅವನು ಮೂರಕ್ಕೇ ಎದ್ದು ಕಿಟಕಿ ಹತ್ತಿರ ಕೂತಿದ್ದ.

ಹೋಗಿ ನೋಡಿದರೆ, ಪಲ್ಲವಿ ಓದಿದ್ದನ್ನು ಉಳಿದವರೂ ಓದಿದ್ದರು. ಮಬ್ಬು ಬೆಳಕಿನಲ್ಲಿ ಇನ್ನೂರು ಮುನ್ನೂರು ಜನ ಕಲ್ಲಿನ ಮೇಲೆಲ್ಲ ಹತ್ತಿ ನಿಂತಿದ್ದರು. ಬೆಳಗಿನ ಜಾವ ಬಂದರಿನಲ್ಲಿ ಬೋಟು ಬಂದಾಗ ಮೀನು ಬುಟ್ಟಿ ಹಿಡಿದು ನಿಲ್ಲುವ ನಮ್ಮ ಹೆಂಗಸರ ನೆನಪಾಯಿತು. ವ್ಯತ್ಯಾಸ ಒಂದೇ, ಇಲ್ಲಿ ಯಾರೂ ಕಿರುಚುತ್ತಿರಲಿಲ್ಲ. ಅಷ್ಟು ಜನ ಸೇರಿ ಅಷ್ಟು ಸುಮ್ಮನಿರಬಹುದು ಅಂತ ನನಗೆ ಗೊತ್ತಿರಲಿಲ್ಲ. ಬಿಸಿಲು ಹಿಮದ ತುದಿಗೆ ತಾಗಿದಾಗ ಎಲ್ಲರ ಬಾಯಿಂದಲೂ ಒಂದು ಸಣ್ಣ “ಆಹಾ” ಬಂತು. ನನ್ನ ಎದುರಿನವನ ಕ್ಯಾಮರಾ ಸ್ಟ್ಯಾಂಡಿನ ಕಾಲುಗಳ ನಡುವಿನ ಸಂದಿಯಲ್ಲಿ ನಾನೂ ನೋಡಿದೆ. ಚೆನ್ನಾಗಿತ್ತು. ಮುರುಡೇಶ್ವರದಲ್ಲಿ ಡಿಸೆಂಬರ್ ತಿಂಗಳು ಸಮುದ್ರ ನೋಡಿದ ಹಾಗೆ, ತಲೆಗಳ ಮಧ್ಯೆ ಇಷ್ಟಿಷ್ಟೇ.

ಅಲ್ಲಿಯವರ ಒಂದು ಅಭ್ಯಾಸ ಹೇಳಲೇಬೇಕು. ನಾನು ಹಿಂದೆ ಸರಿಯುವಾಗ ಒಬ್ಬ ಹೆಂಗಸಿನ ಕಾಲು ತುಳಿದೆ. ಅವಳು “ಸಾರಿ” ಅಂದಳು. ತುಳಿದವಳು ನಾನು! ಸ್ವಲ್ಪ ಹೊತ್ತಿಗೆ ಅಣ್ಣನ ಬ್ಯಾಗು ಒಬ್ಬ ಮುದುಕನ ಬೆನ್ನಿಗೆ ತಾಗಿತು, ಆತನೂ “ಸಾರಿ” ಅಂದ. ಬಾಗಿಲಲ್ಲಿ ಸಾರಿ, ಬಸ್ಸಿನಲ್ಲಿ ಸಾರಿ. ಒಂದು ನಾಯಿ ನನ್ನ ಸೀರೆ ಮೂಸಿತು, ಅದರ ಪರವಾಗಿ ಯಜಮಾನ ಸಾರಿ ಅಂದ.

ಅಣ್ಣನಿಗೆ ಇದು ಯಾಕೋ ಸಿಟ್ಟು ತರಿಸಿತು. “ಎಂತಕ್ಕೆ ಇವರು ಬೆಳಗಾದ್ರೆ ಸಾರಿ ಹೇಳೂದು? ಎಂತ ತಪ್ಪು ಮಾಡಿದ್ದಾರೆ?”

“ಅದು ಅವರ ಮರ್ಯಾದೆ ಅಪ್ಪಾ” ಅಂದಳು ಪಲ್ಲವಿ.

“ಬಾಯಿ ಮಾತಿಗೆ ಎಂತ ಬೆಲೆ?” ಅಂದ ಅಣ್ಣ. ವಿಮಾನ ಹತ್ತಿದ ಮೇಲೆ ಅವನು ಒಟ್ಟಿಗೆ ಇಷ್ಟು ಮಾತಾಡಿದ್ದು ಅದೇ ಮೊದಲು.

ಎರಡನೇ ದಿನ: ಬಸ್ ನಿಲ್ದಾಣದ ಬೆಂಚು

ಮಾರನೇ ದಿನ ಪಲ್ಲವಿಗೆ ಕೆಲಸ. ನಾವಿಬ್ಬರೂ ಊರು ನೋಡಲು ಹೊರಟೆವು. ಬಸ್ ನಿಲ್ದಾಣದ ಎದುರು ಒಂದು ಬೆಂಚಿನಲ್ಲಿ ಅಣ್ಣ ಕೂತ. ಕೂತವನು ಏಳಲಿಲ್ಲ. ನಾನು ಅಂಗಡಿ ಸುತ್ತಿ, ಕಾಫಿ ಕುಡಿದು, ಎರಡು ಸಲ ಬಂದು ನೋಡಿದೆ. ಅಲ್ಲೇ ಇದ್ದ.

ಸಂಜೆ ಐದರ ಹೊತ್ತಿಗೆ ಬಂದಾಗ ಅವನೇ ಮಾತು ತೆಗೆದ.

“ಶಾರದಾ, ಇವರು ಬಂಗುಡೆ ಮೀನು ಇದ್ದ ಹಾಗೆ.”

“ಎಂತ?”

“ಹಿಂಡು. ಬೆಳಿಗ್ಗೆ ಎಲ್ಲ ಒಂದೇ ದಿಕ್ಕಿಗೆ. ಹನ್ನೊಂದಕ್ಕೆ ಇನ್ನೊಂದು ಹಿಂಡು. ಎರಡು ಗಂಟೆ ಮೇಲೆ ಹಸಿವಾಗಿ ಎಲ್ಲ ವಾಪಸ್. ಮೂರೂವರೆಗೆ ಹೋಗೂ ಬಸ್ಸಲ್ಲಿ ಡ್ರೈವರ್ ಒಬ್ಬನೇ ಇದ್ದ. ಮೂರು ಬಸ್ಸು ನೋಡ್ದೆ. ಎಲ್ಲರಿಗಿಂತ ಮೊದಲು ಹೋಗೂದಲ್ಲ, ಎಲ್ಲರೂ ವಾಪಸ್ ಬರೂವಾಗ ಹೋಗೂದು.”

ಎಷ್ಟು ದಿನವಾಗಿತ್ತು ಅವನು ಹೀಗೆ ಬೆರಳು ಮಾಡಿ ತೋರಿಸಿ ಮಾತಾಡಿ! ನನಗೆ ಖುಷಿಯಾಯಿತು, ತೋರಿಸಿಕೊಳ್ಳಲಿಲ್ಲ. ತೋರಿಸಿಕೊಂಡರೆ ಅವನು ಮತ್ತೆ ಬಾಯಿ ಮುಚ್ಚುತ್ತಾನೆ.

ಪಲ್ಲವಿಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಒಬ್ಬ ಮುದುಕ ಅಲ್ಲಿಯವನೇ. ಅವನು ಇನ್ನೊಂದು ಸರೋವರದ ಹೆಸರು ಹೇಳಿದ್ದನಂತೆ. ಅದು ಯಾವ ಪುಸ್ತಕದಲ್ಲೂ ದೊಡ್ಡ ಅಕ್ಷರದಲ್ಲಿ ಇಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ಜುಲೈಗೆ ಕುಮಟಾದಿಂದಲೇ ಒಂದು ಟೆಂಪೊ ಹೋದೀತು.

ಮೂರನೇ ದಿನ: ಹೆಸರು ಬರೆಯದ ಸರೋವರ

ಅಣ್ಣನ ಲೆಕ್ಕ ಸರಿಯಾಯಿತು. ಮೂರೂವರೆಯ ಬಸ್ಸಿನಲ್ಲಿ ನಾವಿಬ್ಬರು, ಮತ್ತೆ ಸ್ವೆಟರ್ ಹೆಣೆಯುತ್ತಿದ್ದ ಒಬ್ಬ ಅಜ್ಜಿ. ಎದುರಿನಿಂದ ಬರುವ ಬಸ್ಸುಗಳಲ್ಲಿ ಜನ ನಿಂತುಕೊಂಡಿದ್ದರು. ಅಣ್ಣ ಕಿಟಕಿಯಿಂದ ಒಂದೊಂದನ್ನೂ ಎಣಿಸಿದ.

ಕೊನೆಯ ಬಸ್ಸು ಎಂಟಕ್ಕೆ ಅಂತ ಪಲ್ಲವಿ ನೂರು ಸಲ ಹೇಳಿ ಕಳಿಸಿದ್ದಳು. “ಎಂಟಕ್ಕೆ ಅತ್ತೆ, ಎಂಟಕ್ಕೆ! ಅಲ್ಲಿ ಮೊಬೈಲ್ ಸಿಗ್ನಲ್ ಸಹ ಇಲ್ಲ.”

ಕಾಡುದಾರಿ ಶುರುವಾಗುವಲ್ಲಿ ಹಸಿರು ಅಂಗಿಯ ಒಬ್ಬ ಹೆಂಗಸು ನಿಂತಿದ್ದಳು. ಜನ ಇಲ್ಲದ ದಾರಿಗೆ ಹೋಗುವವರನ್ನು ನಿಲ್ಲಿಸಿ ಬುದ್ಧಿ ಹೇಳುವುದು ಅವಳ ಕೆಲಸ. ನಮಗೂ ಹೇಳಿದಳು. ಗರ್ದಿ ಇದ್ದಲ್ಲಿ ಕರಡಿ ಬರುವುದಿಲ್ಲ, ಗದ್ದಲ ಕೇಳಿ ದೂರ ಹೋಗುತ್ತದೆ. ಇಲ್ಲಿ ಗರ್ದಿ ಇಲ್ಲ. ಹಾಗಾಗಿ ನೀವೇ ಗದ್ದಲ ಮಾಡಬೇಕು. ನಡೆಯುವಷ್ಟು ಹೊತ್ತೂ ಜೋರಾಗಿ ಮಾತಾಡಿ, ಸುಮ್ಮನೆ ಮಾತ್ರ ನಡೆಯಬೇಡಿ.

ಕನ್ನಡದಲ್ಲಿ ಅಣ್ಣನಿಗೆ ಹೇಳಿದೆ. ಅವನು ನನ್ನ ಮುಖ ನೋಡಿದ.

“ಎಂತ ಮಾತಾಡೂದು?”

“ಎಂತಾದ್ರೂ. ಕರಡಿಗೆ ಕನ್ನಡ ಬರೂದಿಲ್ಲ.”

ಒಂದು ವರ್ಷ ತುಟಿ ಪಿಟಕ್ಕೆನ್ನದವನನ್ನು ಮಾತಾಡಲೇಬೇಕಾದ ಕಾಡಿಗೆ ಕರೆತಂದಿದ್ದೆ. ಬೇಕಂತ ತಂದದ್ದಲ್ಲ. ನೂರು ಹೆಜ್ಜೆ ನಾನೊಬ್ಬಳೇ ಮಾತಾಡಿದೆ. ಭೂಗೋಳದ ಪಾಠ, ಅತ್ತಿಗೆಯ ಮಂಡಿನೋವು, ಹೊಳನಗದ್ದೆಯಲ್ಲಿ ಪಕ್ಕದ ಮನೆಯವರು ಬೇಲಿ ಸರಿಸಿದ್ದು, ಎಲ್ಲ ಮುಗಿಯಿತು. ಗಂಟಲು ಒಣಗಿ ನಿಂತೆ. ಕಾಡೂ ಸುಮ್ಮನಾಯಿತು.

ಆವಾಗ ಅಣ್ಣ ಒಮ್ಮೆಲೇ “ಹೋ... ಐಲಸಾ!” ಅಂದ. ಬಲೆ ಎಳೆಯುವಾಗ ಹಾಕುವ ಕೂಗು. ಮತ್ತೆ ಕೂಗಿದ. ನಾನೂ “ಐಲಸಾ” ಅಂದೆ. ಹೀಗೆ ಕೂಗುತ್ತಾ ನಾವು ಸರೋವರ ತಲುಪಿದೆವು. ಎದುರಿಂದ ಬಂದ ಇಬ್ಬರು ಹುಡುಗಿಯರು ದಾರಿ ಬಿಟ್ಟು ನಿಂತು “ಸಾರಿ” ಅಂದರು.

ಸರೋವರದಲ್ಲಿ ಒಬ್ಬರೂ ಇರಲಿಲ್ಲ. ನೀರು ಎಷ್ಟು ತಣ್ಣಗಿತ್ತೆಂದರೆ ಬೆರಳು ಅದ್ದಿದ ಅಣ್ಣ, “ಐಸ್ ಹಾಕೂದೇ ಬೇಡ, ಮೀನು ಇಲ್ಲೇ ಇಟ್ರೆ ಆತು” ಅಂದ. ಅವಲಕ್ಕಿ ತಿಂದೆವು. ಕೂತೆವು. ಅಷ್ಟೇ. ಬರೆಯಲು ಹೊರಟರೆ ಏನೂ ಇಲ್ಲ, ಆದರೆ ನನ್ನ ಜನ್ಮದಲ್ಲಿ ಅಷ್ಟು ಒಳ್ಳೆಯ ಸಂಜೆ ಕಂಡಿದ್ದಿಲ್ಲ.

ಹೊತ್ತು ಹೋಯಿತು. ಹೊರಡೋಣವಾ ಅಂದೆ. ಅಣ್ಣ ಕೈ ಚಾಚಿದ. ನಮ್ಮ ಕಡೆ ಕಡಲಿಗೆ ಹೋಗುವವರು ಸಂಜೆಯ ಹೊತ್ತು ನೋಡುವುದು ಹೀಗೆ. ಕೈ ನೇರ ಮಾಡಿ, ನಾಲ್ಕು ಬೆರಳು ಅಡ್ಡ ಹಿಡಿದು, ಸೂರ್ಯನ ಕೆಳಗೆ ಇಡುವುದು. ಸೂರ್ಯನಿಗೂ ನೀರಿಗೂ ನಡುವೆ ಎರಡು ಕೈ ಹಿಡಿಸಿದರೆ ಮುಳುಗಲು ಒಂದು ತಾಸು ಉಂಟು. ಒಂದು ಕೈ ಆದರೆ ಅರ್ಧ ತಾಸು. ಜುಲೈನಲ್ಲಿ ನಮ್ಮೂರಿನ ಸೂರ್ಯ ಮುಳುಗುವುದು ಏಳಕ್ಕೆ. ಅಪ್ಪನೂ ಹೀಗೇ ನೋಡುತ್ತಿದ್ದರು, ತಪ್ಪಿದ್ದೇ ಇಲ್ಲ.

ಇಲ್ಲಿ ನೀರಿನ ಬದಲು ಬೆಟ್ಟದ ಸಾಲು. ಅಣ್ಣ ಒಂದರ ಕೆಳಗೆ ಒಂದು ಎರಡು ಕೈ ಇಟ್ಟ. “ಎರಡು ಕೈ. ಆರು ಗಂಟೆ ಸಹ ಆಗ್ಲಿಲ್ಲ. ಕೂತ್ಕೊ.”

ನನ್ನ ಚೀಲದಲ್ಲಿ ಮೊಬೈಲ್ ಇತ್ತು. ತೆಗೆದು ಗಂಟೆ ನೋಡಬಹುದಿತ್ತು. ಮೂವತ್ತು ವರ್ಷ ಎಂಟನೇ ಕ್ಲಾಸಿಗೆ ಪಾಠ ಮಾಡಿದವಳು ನಾನು: ಉತ್ತರಕ್ಕೆ ಹೋದ ಹಾಗೆ ಬೇಸಿಗೆಯ ಹಗಲು ಉದ್ದ, ಸೂರ್ಯ ನೆಟ್ಟಗೆ ಇಳಿಯುವುದಿಲ್ಲ, ಓರೆಯಾಗಿ ಇಳಿಯುತ್ತಾನೆ. ಬೋರ್ಡಿನ ಮೇಲೆ ಚಿತ್ರ ಸಹ ಬರೆದಿದ್ದೇನೆ. ನೆನಪಾಗಲಿಲ್ಲ ಅಂದರೆ ಸುಳ್ಳು. ನೆನಪಾಯಿತು. ಆದರೆ ಅಣ್ಣ ಒಂದು ವರ್ಷದ ಮೇಲೆ ಮೊದಲ ಸಲ ಕೈ ಎತ್ತಿ ಆಕಾಶ ನೋಡಿದ್ದ. ಅವನೆದುರಿಗೆ ಗಡಿಯಾರ ತೆಗೆಯಲು ನನಗೆ ಮನಸ್ಸು ಬರಲಿಲ್ಲ. ಕೂತೆ.

ತುಂಬಾ ಹೊತ್ತಿನ ಮೇಲೆ ಅವನೇ ಮತ್ತೆ ಕೈ ಇಟ್ಟ. ಹುಬ್ಬು ಗಂಟು ಹಾಕಿದ.

“ಒಂದು ಕೈ. ಆರೂವರೆ. ಆದ್ರೆ... ಶಾರದಾ, ಈ ಸೂರ್ಯ ಇಳಿತಾ ಇಲ್ಲ. ಬದಿಗೆ ಸರೀತಾ ಇದ್ದಾನೆ.”

ನಾನು ಮೊಬೈಲ್ ತೆಗೆದೆ. ಎಂಟು ಇಪ್ಪತ್ತು.

ಬಸ್ಸು ಹೋದ ಮೇಲೆ

ಬಸ್ ನಿಲ್ಲುವ ಜಾಗದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಹಸಿರು ಅಂಗಿಯ ಹೆಂಗಸೂ ಮನೆಗೆ ಹೋಗಿದ್ದಳು. ಗರ್ದಿ ತಪ್ಪಿಸುವುದು ಅಂದರೆ ಇದೇ ಇರಬೇಕು, ನೂರಕ್ಕೆ ನೂರು. ಬಿಸಿಲು ಮಾತ್ರ ನಮ್ಮೂರಿನ ಐದು ಗಂಟೆಯ ಹಾಗೆ ಹೊಡೆಯುತ್ತಿತ್ತು.

ದೊಡ್ಡ ರಸ್ತೆ ಎರಡೂವರೆ ಕಿಲೋಮೀಟರು, ಸಿಗ್ನಲ್ ಸಿಗುವುದು ಅಲ್ಲೇ. ನಡೆಯದೆ ಬೇರೆ ದಾರಿಯಿಲ್ಲ. ಎರಡೂ ಬದಿ ಕಾಡು. ದಾರಿ ಬದಿಯಲ್ಲೇ ಒಂದು ದೊಡ್ಡ ಲದ್ದಿ ಬಿದ್ದಿತ್ತು, ತುಂಬ ಕೆಂಪು ಹಣ್ಣಿನ ಬೀಜ. ಕರಡಿಯದ್ದು ಅಂತ ಇಬ್ಬರಿಗೂ ಗೊತ್ತಾಯಿತು. ನನಗೆ ಹೆದರಿಕೆಯಾಯಿತು.

“ಮಾತಾಡು ಅಣ್ಣಾ. ನನ್ನ ಕೈಲಿ ಆಗೂದಿಲ್ಲ ಈಗ.”

ಅವನು ಕೂಗು ಹಾಕುತ್ತಾನೆ ಅಂದುಕೊಂಡೆ. ಹಾಕಲಿಲ್ಲ. ಸ್ವಲ್ಪ ದೂರ ನಡೆದು, ರಸ್ತೆಯ ಮಧ್ಯದಲ್ಲಿ ನಡೆಯುತ್ತಲೇ ಜೋರಾಗಿ ಶುರು ಮಾಡಿದ, ಬೋಟಿನಿಂದ ಬೋಟಿಗೆ ಕೂಗಿ ಹೇಳುವ ಧ್ವನಿಯಲ್ಲಿ.

“ಆ ದಿವಸ ಅಳಿವೆ ಬಾಯಲ್ಲಿ ಹದಿನೈದು ಬೋಟು ನಿಂತಿತ್ತು. ಉಬ್ಬರ ಬರ್ಲಿ ಅಂತ ಎಲ್ಲ ಸಾಲಾಗಿ ಕಾಯ್ತಾ ಇದ್ರು. ನನ್ನ ಬೋಟು ತುಂಬ ಬಂಗುಡೆ. ಬಿಸಿಲು ಏರ್ತಾ ಇತ್ತು. ಈ ಗರ್ದಿಲಿ ಯಾರು ಕಾಯ್ತಾರೆ ಅಂತ ತೆಂಕು ಬದಿಯಿಂದ ಒಳಗೆ ಹಾಕ್ದೆ.”

ಅವನು ನಿಂತ. ನಾನು ತೋಳು ಹಿಡಿದು ನಡೆಸಿದೆ.

“ಮಂಜ ಬೋಟಿನ ಎದುರು ತುದಿಗೆ ನಿಂತು ನೀರು ನೋಡ್ತಾ ಇದ್ದ. ‘ಬೇಡ ತಾಂಡೇಲರೇ, ನೀರು ಬಿಳಿಯಾಗಿದೆ, ಮರಳು ಮೇಲೆ ಬಂದಿದೆ, ತಿರುಗ್ಸಿ’ ಅಂದ. ಎರಡು ಸಲ ಅಂದ. ನಂಗೆ ಕೇಳ್ತು. ‘ನೀ ಹುಟ್ಟೂಕೆ ಮೊದಲು ನಾ ಈ ಅಳಿವೆ ನೋಡಿದ್ದೆ, ಬಾಯಿ ಮುಚ್ಚು’ ಅಂದೆ. ಅವ ಬಾಯಿ ಮುಚ್ಚಿದ. ಶಾರದಾ, ಮರಳು ಜಾಗ ಬದಲಾಯಿಸಿತ್ತು ಅಂತ ನಂಗೆ ಮೊದಲೇ ಗೊತ್ತಾಗಿತ್ತು. ಮಂಜ ಹೇಳಿದ್ದ.”

ನನಗೆ ಅಳು ಬಂತು, ಅತ್ತೆ. ಅವನ ಮೇಲೆ ಸಿಟ್ಟೂ ಬಂತು. ಇಷ್ಟು ಸಣ್ಣ ಸತ್ಯವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಒಂದು ವರ್ಷ ಮನೆಯವರನ್ನೆಲ್ಲ ಸುಟ್ಟಿದ್ದ.

“ಇವತ್ತೂ ಹಾಗೇ ಆತು” ಅಂದ ಆಮೇಲೆ, ಅಷ್ಟು ಜೋರಾಗಿ ಅಲ್ಲ. “ನೀ ಗಂಟೆ ನೋಡ್ಲಿಲ್ಲ ಎಂತಕ್ಕೆ? ನಾ ಬೈತೆ ಅಂತ. ಅಲ್ದ?”

ಬೈಯುತ್ತಾನೆ ಅಂತ ಅಲ್ಲ, ಬೇರೆ ಕಾರಣಕ್ಕೆ. ಆದರೆ ನಾನು ತಿದ್ದಲಿಲ್ಲ. “ಹೌದು” ಅಂದೆ.

ದೊಡ್ಡ ರಸ್ತೆಗೆ ಬಂದಾಗ ಒಂಬತ್ತು ಇಪ್ಪತ್ತು. ಪಲ್ಲವಿಗೆ ಫೋನ್ ತಾಗಿತು. ಮೊದಲು ಅತ್ತಳು, ಆಮೇಲೆ ಬೈದಳು, ಆಮೇಲೆ ಗೆಳತಿಯ ಕಾರು ತೆಗೆದುಕೊಂಡು ಬರುತ್ತೇನೆ, ನಲವತ್ತು ನಿಮಿಷ, ಅಲ್ಲಾಡಬೇಡಿ ಅಂದಳು. ರಸ್ತೆ ಬದಿಯ ಕಟ್ಟೆಯ ಮೇಲೆ ಕೂತೆವು. ಸೂರ್ಯ ಬೆಟ್ಟದ ಹಿಂದೆ ಹೋಗಿದ್ದ, ಬೆಳಕು ಹಾಗೇ ಇತ್ತು.

“ಊರಲ್ಲಿ ಈಗ ಎಷ್ಟು?” ಕೇಳಿದ ಅಣ್ಣ.

“ಬೆಳಿಗ್ಗೆ ಒಂಬತ್ತು ಆಗ್ತಾ ಬಂತು.”

“ಮಂಜನಿಗೆ ಫೋನ್ ಹಚ್ಚು.”

ಹಚ್ಚಿದೆ. ಸ್ಪೀಕರ್ ಹಾಕಿದೆ. ಆ ಕಡೆ ಮಳೆ ಹೊಯ್ಯುವ ಸದ್ದು, ಒಂದು ಕೋಳಿ, ಆಮೇಲೆ ಮಂಜ.

“ಮಂಜಾ, ನಾ ಮಾದೇವ. ನೀ ತಿರುಗ್ಸಿ ಅಂದಿದ್ದೆ. ನಂಗೆ ಕೇಳಿತ್ತು. ನಾ ತಿರುಗ್ಸಲಿಲ್ಲ. ತಪ್ಪು ನಂದು. ಮರಳಿನದ್ದಲ್ಲ.”

ಫೋನ್ ಕಡಿಯಿತೇನೋ ಅಂತ ನೋಡಿದೆ. ಕಡಿದಿರಲಿಲ್ಲ.

“ಎಲ್ಲಿದ್ದೀರಿ ತಾಂಡೇಲರೇ?” ಅಂದ ಮಂಜ.

“ಕೆನಡಾದಲ್ಲಿ. ಗುಡ್ಡದ ಮೇಲೆ.”

“ಅಲ್ಲಿ ಯಾರಿದ್ದಾರೆ ನಿಮ್ಮ ಹತ್ರ?”

“ಯಾರೂ ಇಲ್ಲ. ಶಾರದಾ ಇದ್ದಾಳೆ.”

“ಹಾಂ. ಯಾರೂ ಇಲ್ಲದ ಕಡೆ ಹೋಗಿ ಹೇಳ್ತಿದ್ದೀರಿ.” ಮಂಜನ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. “ಆ ದಿವಸ ನಂಗೆ ಬಾಯಿ ಮುಚ್ಚು ಅಂದದ್ದು ಆರು ಜನರ ಎದುರಿಗೆ. ಆಮೇಲೆ ಬಂದರಲ್ಲಿ, ಬೋಟಲ್ಲಿ ಇಲ್ಲದವರೆಲ್ಲ ಎಂತ ಹೇಳಿದ್ರು ಗೊತ್ತುಂಟಾ? ಮಂಜ ಎದುರು ನಿಂತಿದ್ದ, ಅವನಿಗೇ ಮರಳು ಕಾಣ್ಲಿಲ್ಲ ಅಂತ. ಕಾಲು ಹೋದ್ದಕ್ಕಿಂತ ಅದು ಜಾಸ್ತಿ ತಾಗ್ತು ನಂಗೆ. ಇಲ್ಲಿ ಬಂದು ಹೇಳಿ. ಗರ್ದಿ ಇರೂ ಹೊತ್ತಿಗೆ ಹೇಳಿ.”

“ಆತು” ಅಂದ ಅಣ್ಣ.

ಹೊನ್ನಾವರ

ಬ್ಯಾಂಫಿನಲ್ಲಿ ಉಳಿದ ದಿನ ಇನ್ನೂ ಎರಡು ಸರೋವರ, ಒಂದು ಜಲಪಾತ ನೋಡಿದೆವು. ಜನ ಇದ್ದರು. ಅಣ್ಣ ಅವರ ನಡುವೆಯೇ ನಿಂತು ನೋಡಿದ, ಯಾರ ಬಗ್ಗೆಯೂ ಗೊಣಗಲಿಲ್ಲ.

ಆಗಸ್ಟಿನಲ್ಲಿ ಬೋಟುಗಳು ಕಡಲಿಗೆ ಇಳಿಯುವ ಬೆಳಿಗ್ಗೆ ಬಂದರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೋಟಿನ ಯಜಮಾನರು, ಖಲಾಸಿಗಳು, ಐಸು ತಂದವರು, ಬುಟ್ಟಿ ಹಿಡಿದ ಹೆಂಗಸರು, ಪೂಜೆಯ ಭಟ್ಟರು. ಅತ್ತಿಗೆ ನನ್ನ ಕೈಯನ್ನು ಮುರಿಯುವ ಹಾಗೆ ಹಿಡಿದಿದ್ದಳು. ಮಂಜ ಕೋಲು ಊರಿ ಬಂದು ಎದುರಿಗೇ ನಿಂತ. ಅವನ ಪಕ್ಕದಲ್ಲಿ ಅವನ ತಮ್ಮ ಗಣಪು, ಅವನೂ ಕಡಲ ಕೆಲಸದವನೇ, ಎರಡು ಮಕ್ಕಳ ತಂದೆ.

ಅಣ್ಣ ಐಸಿನ ಪೆಟ್ಟಿಗೆಯ ಮೇಲೆ ಹತ್ತಿ ಹೇಳಿದ. ಫೋನಿನಲ್ಲಿ ಹೇಳಿದ್ದನ್ನೇ. “ಮಂಜ ನೋಡಿದ್ದ. ಹೇಳಿದ್ದ. ನಂಗೆ ಕೇಳಿತ್ತು, ನಾ ತಿರುಗ್ಸಲಿಲ್ಲ. ತಪ್ಪು ನಂದು.” ಗದ್ದಲ ನಿಂತುಹೋಯಿತು. ಹಿರಿಯ ತಾಂಡೇಲರೊಬ್ಬರು ತಲೆ ತಗ್ಗಿಸಿದರು.

ಮಂಜ ಬೋಟು ಹತ್ತಲಿಲ್ಲ. ಆ ಕಾಲಲ್ಲಿ ಇನ್ನು ಹತ್ತಲು ಆಗುವುದೂ ಇಲ್ಲ. ಗಣಪುವಿನ ಬೆನ್ನಿಗೆ ಕೈ ಇಟ್ಟು ಮುಂದಕ್ಕೆ ದೂಡಿದ.

“ಬೋಟಲ್ಲಿ ಇವ ಎದುರು ನಿಲ್ತಾನೆ” ಅಂದ ಅಣ್ಣನಿಗೆ. “ತಿರುಗ್ಸಿ ಅಂದ್ರೆ ತಿರುಗ್ಸಿ.”